ಆರ್ಕಮ್‌ಗೆ ಪಳಗಿದ ಕೈಗೆ ಸ್ಪೈಡರ್‌ಮ್ಯಾನ್

ಬ್ಯಾಟ್‌ಮ್ಯಾನ್‌ನ ಆರ್ಕಮ್ ವಿಡಿಯೊ ಗೇಮ್ ಸರಣಿ (2009–2015) ಮುಗಿಸಿ 2018ರ ‘ಮಾರ್ವೆಲ್ಸ್ ಸ್ಪೈಡರ್‌ಮ್ಯಾನ್’ ಶುರು ಮಾಡಿದವರು ಮೊದಲು ಒದೆ ತಿನ್ನುವುದು ಪ್ಲೇಸ್ಟೇಷನ್ ಕಂಟ್ರೋಲರ್‌ನ ತ್ರಿಕೋನದ ಬಟನ್‌ನಿಂದ. ಆರ್ಕಮ್‌ನಲ್ಲಿ ಅದು ಹೊಡೆತ ತಡೆದು ತಿರುಗೇಟು ಕೊಡುತ್ತದೆ; ಇಲ್ಲಿ ಬಲೆ ಎಸೆದು ನಿಮ್ಮನ್ನೇ ಶತ್ರುವಿನತ್ತ ಎಳೆದೊಯ್ಯುತ್ತದೆ. ಸ್ಪೈಡರ್‌ಮ್ಯಾನ್‌ನ ತಲೆಯ ಸುತ್ತ ಗೆರೆಗಳು (ಏಟು ಬರುವ ಸೂಚನೆ) ಮಿನುಗಿದೊಡನೆ ವೃತ್ತ ಒತ್ತಿ ತಪ್ಪಿಸಿಕೊಳ್ಳಿ, ಅಷ್ಟೇ.

ನೆಲದಲ್ಲೇ ನಿಂತು ಗುಂಪನ್ನು ಬಡಿಯುವ ಚಾಳಿಯನ್ನೂ ಬಿಡಬೇಕು. ಚೌಕ ಒತ್ತಿಹಿಡಿದರೆ ಶತ್ರುವಿನ ಜೊತೆ ಮೇಲೇರುತ್ತೀರಿ. ಗಾಳಿಯಲ್ಲಿದ್ದಷ್ಟು ಹೊತ್ತು ಏಟು ಕಡಿಮೆ. ದಡೂತಿ ಆಸಾಮಿಗಳು ಮಾತ್ರ ಹಾಗೆ ಮೇಲೇಳುವುದಿಲ್ಲ, ಆರ್1 ಪದೇ ಪದೇ ಒತ್ತಿ ಮೊದಲು ಬಲೆಯಲ್ಲಿ ಸುತ್ತಿ. ಗುರಾಣಿ ಹಿಡಿದವನ ಕಾಲ ಸಂದಿಯಲ್ಲಿ ವೃತ್ತದಿಂದ ನುಸುಳಿ, ಹಿಂದಿನಿಂದ ಬಾರಿಸಿ.

ಹೊಡೆದಾಡಿದಂತೆ ಏರುವ ಫೋಕಸ್ ಪಟ್ಟಿ ತುಂಬಿತೆಂದು ಫಿನಿಷರ್‌ಗೆ (ಶತ್ರುವನ್ನು ಒಂದೇ ಏಟಿಗೆ ಮುಗಿಸುವ ಹೊಡೆತ) ಆತುರಪಡಬೇಡಿ. ಡಿ-ಪ್ಯಾಡ್ (ದಿಕ್ಕಿನ ಬಟನ್) ಕೆಳಕ್ಕೆ ಒತ್ತಿದರೆ ಪ್ರಾಣ ತುಂಬುವುದೂ ಅದರಿಂದಲೇ. ತಡೆದು ಹೊಡೆಯುವ ಆಟವೇ ಬೇಕೆಂದರೆ 2023ರ ಎರಡನೇ ಭಾಗದಲ್ಲಿ ಎಲ್1 ಇದೆ.