ಹೊರಡುವ ಮೊದಲು ಗಾಡಿಯನ್ನು ತೂಕ ಹಾಕಿಸಿ

ನಿವೃತ್ತಿಯ ನಂತರ, ಒಳಗೇ ಅಡುಗೆ ಮಾಡಿ ಮಲಗಲು ಜಾಗವಿರುವ ಗಾಡಿ, ಅಂದರೆ ಮೋಟಾರ್‌ಹೋಮ್‌ನಲ್ಲಿ ತಿಂಗಳುಗಟ್ಟಲೆ ಹೊರದೇಶ ಸುತ್ತಲು ಹೊರಟಿದ್ದೀರಾ? ಸಾಮಾನು ಪೂರ್ತಿ ತುಂಬಿ, ಡೀಸೆಲ್, ನೀರು, ಗ್ಯಾಸ್ ಎಲ್ಲಾ ಹಾಕಿ, ನೀವಿಬ್ಬರೂ ಒಳಗೆ ಕೂತೇ ಗಾಡಿಯನ್ನು ಒಮ್ಮೆ ವೇಬ್ರಿಡ್ಜ್ (ಇಡೀ ವಾಹನವನ್ನು ತೂಗುವ ತಕ್ಕಡಿ) ಮೇಲೆ ನಿಲ್ಲಿಸಿ. ಖಾಲಿ ಗಾಡಿ ತೂಗಿದರೆ ಪ್ರಯೋಜನವಿಲ್ಲ. ಯುರೋಪಿನಲ್ಲಿ ಬಹಳಷ್ಟು ಮೋಟಾರ್‌ಹೋಮ್‌ಗಳ ಒಟ್ಟು ತೂಕದ ಮಿತಿ 3,500 ಕಿಲೋ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಹಾಗಾಗಿ 100 ಲೀಟರ್ ಟ್ಯಾಂಕ್ ತುಂಬಿದರೆ ಒಬ್ಬ ದಪ್ಪ ಆಸಾಮಿಯನ್ನು ಜೊತೆಗೆ ಕೂರಿಸಿಕೊಂಡ ಹಾಗೆ. ಮಿತಿ ಮೀರಿದರೆ ದಂಡ ಒಂದು ಕಡೆ. ಬ್ರೇಕ್ ತಡವಾಗಿ ಹಿಡಿಯುವುದು, ಟೈರ್ ಬಿಸಿಯಾಗಿ ಒಡೆಯುವುದು ಅದಕ್ಕಿಂತ ದೊಡ್ಡ ಚಿಂತೆ, ಅಲ್ವಾ? ಒಟ್ಟು ತೂಕ ಸರಿಯಿದೆ ಅಂತ ಸುಮ್ನೆ ವಾಪಸ್ ಬರಬೇಡಿ. ಮುಂದಿನ ಚಕ್ರಗಳನ್ನು ಒಮ್ಮೆ, ಹಿಂದಿನವನ್ನು ಒಮ್ಮೆ ಬೇರೆಯಾಗಿಯೂ ತೂಗಿಸಿ, ಬಾಗಿಲ ಬಳಿಯೋ ಬಾನೆಟ್ ಒಳಗೋ ಇರುವ, ತೂಕದ ಮಿತಿ ಬರೆದಿರುವ ಪ್ಲೇಟಿನ ಅಂಕಿಗಳ ಜೊತೆ ಹೋಲಿಸಿ. ಹಿಂಬದಿಯ ಸ್ಟ್ಯಾಂಡಿಗೆ ಕಟ್ಟಿದ ಎರಡು ಎಲೆಕ್ಟ್ರಿಕ್ ಸೈಕಲ್ 50 ಕಿಲೋ ಇದ್ದರೆ, ಹಿಂದಿನ ಆಕ್ಸಲ್ (ಹಿಂದಿನ ಚಕ್ರಗಳ ಅಚ್ಚು) ಮೇಲೆ ಬೀಳುವ ಭಾರ 50ಕ್ಕಿಂತ ಜಾಸ್ತಿ. ಅವು ಚಕ್ರದಿಂದ ಆಚೆ ನೇತಾಡುತ್ತಾ, ಸನ್ನೆಗೋಲಿನ ಹಾಗೆ ಮುಂಭಾಗವನ್ನು ಮೇಲೆತ್ತುತ್ತವೆ. ತೂಕ ಹೆಚ್ಚಾದರೆ ಮೊದಲು ನೀರು ಇಳಿಸಿ, 20 ಲೀಟರ್ ಇಟ್ಟುಕೊಂಡು ಓಡಿಸಿ. ಆದರೆ ದಾರಿಯಲ್ಲಿ ನೀರು ಸಿಗದ ಕಡೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿಗೆ ಸಾಮಾನನ್ನೇ ಕಡಿಮೆ ಮಾಡಬೇಕು. ಇನ್ನೊಂದು, ತೂಗಿಸಿದ ಮೇಲೆ ಛಾವಣಿಗೆ ಸೋಲಾರ್ ಫಲಕ, ಹೊಸ ಬ್ಯಾಟರಿ ಅಂತ ಏನಾದರೂ ಸೇರಿಸಿದರೆ ಹಳೆಯ ಚೀಟಿ ನಂಬಬೇಡಿ, ಮತ್ತೊಮ್ಮೆ ಹೋಗಿ ತೂಗಿಸಿ.