ಮದುವೆ ಪತ್ರಿಕೆಗೆ ಇನ್‌ಸ್ಟಾಲ್ ಯಾಕೆ ಬೇಕು?

ಕಾಫಿ ಕೊಯ್ಲು ಮುಗಿದರೆ ನಮ್ಮ ಸಕಲೇಶಪುರದ ಕಡೆ ಮದುವೆಗಳು ಶುರು. ಮನೆಗೇ ಬಂದು ಕರೆಯುವವರು ಈಗ ಕಮ್ಮಿ, ಪತ್ರಿಕೆ ವಾಟ್ಸಾಪಿನಲ್ಲೇ ಬರುತ್ತದೆ. ಹೋದ ಸಲ ಚಿಕ್ಕಪ್ಪನಿಗೂ ಒಂದು ಬಂತು, ಅದೂ ಪರಿಚಯದವರ ನಂಬರಿನಿಂದಲೇ. ಒತ್ತಿದರು. ಏನೋ ಕೇಳಿತು, ಸರಿ ಅಂದರು. ಮತ್ತೇನೋ ಕೇಳಿತು, ಅದಕ್ಕೂ ಸರಿ ಅಂದರು. "ಎಷ್ಟು ಒತ್ತಿದ್ರೂ ಗಂಡು ಹೆಣ್ಣಿನ ಹೆಸರೇ ಕಾಣ್ತಿಲ್ಲ, ನೋಡೋ" ಅಂತ ಸಂಜೆ ನನ್ನ ಕೈಗೆ ಫೋನ್ ಕೊಟ್ಟರು. ಅಷ್ಟೊತ್ತಿಗೆ ಅವರ ಹೆಸರಲ್ಲಿ ಅದೇ ಫೈಲು ಊರಿನ ಆನೆ ಗ್ರೂಪಿಗೂ ಹೋಗಿಯಾಗಿತ್ತು.

ಆನೆ ಗ್ರೂಪ್ ಗೊತ್ತಲ್ವಾ, ಇವತ್ತು ಆನೆ ಯಾರ ತೋಟದಲ್ಲಿ ನಿಂತಿದೆ ಅಂತ ಬೆಳಿಗ್ಗೆ ಎದ್ದ ಕೂಡಲೇ ನೋಡೋದು. ಆಲೂರು, ಬೇಲೂರು, ಸಕಲೇಶಪುರದಲ್ಲಿ ಅದನ್ನು ನೋಡದೆ ಆಳುಗಳನ್ನು ತೋಟಕ್ಕೆ ಕಳಿಸೋಕೆ ಧೈರ್ಯ ಬರಲ್ಲ. ಹಾಗಾಗಿ "ವಾಟ್ಸಾಪ್ ಬಿಟ್ಟುಬಿಡಿ" ಅನ್ನುವ ಬುದ್ಧಿಮಾತು ಇಲ್ಲಿ ನಡೆಯಲ್ಲ. ಯಾವುದನ್ನು ಒತ್ತಬಾರದು ಅಂತ ಕಲಿಯಬೇಕು, ಅಷ್ಟೇ.

ಪತ್ರಿಕೆ ಅಂದರೆ ಫೋಟೋ ಇರುತ್ತದೆ, ಪಿಡಿಎಫ್ ಇರುತ್ತದೆ, ಇಲ್ಲಾ ಓಲಗದ ಹಾಡು ಹಾಕಿದ ವಿಡಿಯೋ. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕಿ ಇಟ್ಟು ಎ, ಪಿ, ಕೆ ಅಂತ ಇಂಗ್ಲಿಷಿನ ಮೂರಕ್ಷರ ಇದ್ದರೆ ಅದು ಪತ್ರಿಕೆಯಲ್ಲ, ಆ್ಯಪ್. ಆರ್‌ಟಿಒ ಚಲನ್, ಪಿಎಂ ಕಿಸಾನ್ ಅನ್ನೋ ಹೆಸರಲ್ಲೂ ಇದೇ ಬರುತ್ತದೆ. ಕಳಿಸಿದವರು ಗೊತ್ತಿರುವವರು ಅನ್ನೋದು ಲೆಕ್ಕಕ್ಕೇ ಇಲ್ಲ, ಯಾಕಂದರೆ ಅವರ ಫೋನ್ ಆಗಲೇ ಕಳ್ಳರ ಕೈಗೆ ಹೋಗಿರಬಹುದು. ಅನುಮಾನ ಬಂದರೆ ವಾಪಸ್ ಮೆಸೇಜ್ ಮಾಡಬೇಡಿ, ಫೋನ್ ಮಾಡಿ "ಮದುವೆ ಯಾವತ್ತು?" ಅಂತ ಕೇಳಿ.

ಇವತ್ತೇ ಒಂದು ಕೆಲಸ ಮಾಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ತೆಗೆದು, ಮೇಲೆ ಹುಡುಕುವ ಜಾಗದಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಅಂತ ಹಾಕಿ. ಬರುವ ಪಟ್ಟಿಯಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲದರ ಮುಂದೆಯೂ ಅನುಮತಿ ಇಲ್ಲ ಅಂತಲೇ ಇರಬೇಕು. ಅಪ್ಪ, ಅತ್ತೆ, ದೊಡ್ಡಮ್ಮನ ಫೋನಲ್ಲೂ ನೀವೇ ಮಾಡಿಕೊಡಿ, ಹೇಳಿಕೊಡೋಕೆ ಕೂತರೆ ಅರ್ಧ ದಿನ ಹೋಗುತ್ತದೆ. ಹಾಗೇ ವಾಟ್ಸಾಪಿನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಪಿನ್, ಅಂದರೆ ಬೇರೆ ಫೋನಿನಲ್ಲಿ ನಿಮ್ಮ ವಾಟ್ಸಾಪ್ ತೆರೆಯಲು ಹೋದರೆ ಕೇಳುವ ಗುಟ್ಟಿನ ನಂಬರ್, ಹಾಕಿಬಿಡಿ.

ಒತ್ತಿ ಆಗಿಹೋಗಿದ್ದರೆ? ಬೈಯುತ್ತಾ ಕೂರಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಮೊದಲು ಆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯಾ ನೋಡಿ. ಈ ಆ್ಯಪ್ ಕೇಳೋದೇ ಎಸ್‌ಎಂಎಸ್ ಓದುವ ಅನುಮತಿ, ಬ್ಯಾಂಕಿನ ಒಟಿಪಿ ನಿಮಗಿಂತ ಮೊದಲು ಕಳ್ಳರು ಓದಬೇಕಲ್ಲ! ಅದಕ್ಕೇ ಸಿಮ್ ಕಿತ್ತು ಹಳೇ ಕೀಪ್ಯಾಡ್ ಫೋನಿಗೆ ಹಾಕಿ. ನಾವು ಮಾಡಿದ್ದೂ ಅದೇ, ಅಟ್ಟದ ಮೇಲೆ ಬಿದ್ದಿದ್ದ ಡಬ್ಬಾ ಫೋನ್ ಆವತ್ತು ಉಪಯೋಗಕ್ಕೆ ಬಂತು. ಅದರಿಂದಲೇ ಬ್ಯಾಂಕಿಗೆ ಫೋನ್ ಮಾಡಿ ಯುಪಿಐ, ಕಾರ್ಡು, ನೆಟ್‌ಬ್ಯಾಂಕಿಂಗ್ ನಿಲ್ಲಿಸಲು ಹೇಳಿ.

ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಲೇ ಇರುತ್ತದೆ, ಎಲ್ಲೋ ಒಂದು ಕಡೆ ನಿಂತಿರುವಾಗಲೇ ತಡೆಯಬೇಕು. ಎಷ್ಟು ಹೋಯಿತು, ಎಷ್ಟು ಗಂಟೆಗೆ, ವಹಿವಾಟಿನ ನಂಬರ್ ಏನು, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಮಾತಾಡಿ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ (ಸಿಇಎನ್) ಪೊಲೀಸ್ ಠಾಣೆ ಇದೆ, ದೂರು ಅಲ್ಲೂ ಕೊಡಬಹುದು. ದೂರಿಗೆ ಬೇಕಾಗುತ್ತದೆ, ಆ ಮೆಸೇಜನ್ನು ಅಳಿಸುವ ಮೊದಲು ಇನ್ನೊಂದು ಫೋನಿನಿಂದ ಫೋಟೋ ಹೊಡೆದಿಟ್ಟುಕೊಳ್ಳಿ. ಆಮೇಲೆ ಆ್ಯಪ್ ತೆಗೆಯಿರಿ. ಕೆಲವು ಐಕಾನೇ ತೋರಿಸಲ್ಲ, ಸೆಟ್ಟಿಂಗ್ಸಿನ ಆ್ಯಪ್ ಪಟ್ಟಿಯಲ್ಲಿ ಹುಡುಕಬೇಕು. ಅಲ್ಲೂ ಹೋಗದಿದ್ದರೆ ಫ್ಯಾಕ್ಟರಿ ರೀಸೆಟ್, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರ ಹಾಗೆ ಮಾಡೋದು.

ಚಿಕ್ಕಪ್ಪನ ಖಾತೆಯಲ್ಲಿ ಮೆಣಸಿನ ದುಡ್ಡು ಇನ್ನೂ ಬಿದ್ದಿರಲಿಲ್ಲ, ಬಚಾವ್.

ಉಳಿದಿದ್ದು ಗ್ರೂಪಿನ ಕೆಲಸ. ಅಡ್ಮಿನ್‌ಗೆ ಹೇಳಿದರೆ ಯಾರು ಹಾಕಿದ್ದನ್ನಾದರೂ ಎಲ್ಲರಿಗೂ ಕಾಣದ ಹಾಗೆ ಅಳಿಸಬಹುದು, ಅದನ್ನು ಮಾಡಿಸಿ. ಎಚ್ಚರಿಕೆಯನ್ನು ಟೈಪ್ ಮಾಡಿ ಹಾಕಿದರೆ ನಮ್ಮ ಕಡೆಯ ಹಿರಿಯರು ಓದಲ್ಲ, ವಾಯ್ಸ್ ಮೆಸೇಜ್ ಆದರೆ ಕೇಳುತ್ತಾರೆ. ನನ್ನ ಫೋನಿನಿಂದ ಚಿಕ್ಕಪ್ಪನೇ ಮಾತಾಡಿದರು: "ನನ್ ಹೆಸ್ರಲ್ಲಿ ಬಂದಿರೋ ಪತ್ರಿಕೆ ಯಾರೂ ಒತ್ಬೇಡ್ರಪ್ಪ, ನಮ್ಮನೇಲಿ ಯಾವ್ ಮದ್ವೆನೂ ಇಲ್ಲ. ಮತ್ತೆ ಆನೆ ಇನ್ನೂ ಕೆರೆ ಏರಿ ಹತ್ರನೇ ಇದೆ."