ಕಾಂಟ್ರಾಕ್ಟ್ ಮುಗಿದ ಮೇಲೆ ಕೋಚಿಂಗ್

ಬೆಂಗಳೂರಿನಲ್ಲಿ ನಮಗಿಂತ ಹಿಂದಿನ ತಲೆಮಾರಿನ ಎಷ್ಟೋ ಫುಟ್‌ಬಾಲಿಗರಿಗೆ ಆಟ ನಿಂತರೂ ಸಂಬಳ ನಿಲ್ಲುತ್ತಿರಲಿಲ್ಲ. ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳ ಟೀಮುಗಳಿಗೆ ಆಡುತ್ತಿದ್ದವರು ಅದೇ ಕಾರ್ಖಾನೆಯ ನೌಕರರೂ ಆಗಿರುತ್ತಿದ್ದರು. ಕಾಲಲ್ಲಿ ಓಟ ಕಡಿಮೆಯಾದಾಗ ಆಫೀಸಿಗೆ ಹೋಗಿ ಕುಳಿತರಾಯಿತು. ಕೇರಳದ ಐ.ಎಂ. ವಿಜಯನ್ ಅಷ್ಟು ದೊಡ್ಡ ಆಟಗಾರ, ಆದರೂ ಆಟ ಬಿಟ್ಟ ಮೇಲೆ ಪೊಲೀಸ್ ಕೆಲಸ ಮಾಡಿ 2025ರಲ್ಲಿ ನಿವೃತ್ತರಾದರು.

ನನ್ನದು ಕಾಂಟ್ರಾಕ್ಟ್ ಕಾಲ. ಕ್ಲಬ್ಬಿನವರು ಕೊಡುವ ದುಡ್ಡು ಚೆನ್ನಾಗಿಯೇ ಇತ್ತು, ಆದರೆ ಸೀಸನ್ ಮುಗಿದರೆ ಅದೂ ಮುಗಿಯಿತು. ಮೂವತ್ತು ದಾಟಿದ ಮೇಲೆ, ಮೊಣಕಾಲು ಒಮ್ಮೆ ಆಪರೇಷನ್ ಆದವನಿಗೆ ಯಾರೂ ಫೋನ್ ಮಾಡುವುದಿಲ್ಲ.

ಮೊದಲು ಸ್ಕೂಲುಗಳಲ್ಲಿ ಕೇಳಿದೆ. ಖಾಯಂ ಪಿ.ಇ. ಮೇಷ್ಟ್ರಾಗಲು ಬಿ.ಪಿ.ಎಡ್ ಡಿಗ್ರಿ ಬೇಕು ಅಂದರು. ನಾನು ಕಾಲೇಜು ಅರ್ಧಕ್ಕೆ ಬಿಟ್ಟವನು. ಹಾಗಾಗಿ ಸಂಜೆ ಹೊತ್ತು ಬಂದು ಹೋಗುವ ಕೋಚ್ ಅಂತ ತೆಗೆದುಕೊಂಡರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಕೊಡುವ ಕೋಚಿಂಗ್ ಲೈಸೆನ್ಸುಗಳಲ್ಲಿ ಮೊದಲು ಡಿ ಮಾಡಿದೆ, ಆಮೇಲೆ ಸಿ. ಮೇಲಕ್ಕೆ ಬಿ, ಎ, ಪ್ರೊ ಇವೆ. ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್‌ನ ಟೀಮಿಗೆ ಹೆಡ್ ಕೋಚ್ ಆಗಬೇಕಾದರೆ ಪ್ರೊ ಬೇಕು. ಅದು ನನಗೆ ಸದ್ಯಕ್ಕೆ ದೂರದ ಮಾತು.

ಆಡಿದವರೆಲ್ಲ ಕಲಿಸಬಲ್ಲರು ಅಂತ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಎದೆ ಮೇಲೆ ಬಾಲ್ ತಗೊಂಡು ಕಾಲಿಗೆ ಇಳಿಸುವುದು ನನಗೆ ಯೋಚನೆ ಇಲ್ಲದೆ ಬರುತ್ತದೆ. ಯೋಚನೆ ಇಲ್ಲದೆ ಬರುವುದನ್ನು ಒಂಬತ್ತು ವರ್ಷದ ಹುಡುಗಿಗೆ ಹೇಳಿಕೊಡೋದು ಹೇಗೆ? ಬಾಲ್ ತಾಗುವ ಹೊತ್ತಿಗೆ ಎದೆ ಸ್ವಲ್ಪ ಹಿಂದಕ್ಕೆ ಹೋಗಬೇಕು ಅನ್ನೋದನ್ನು ನಾನೇ ನನ್ನ ಮೈಯನ್ನು ಗಮನಿಸಿ ಕಂಡುಕೊಂಡೆ. ಲೈಸೆನ್ಸ್ ಕೋರ್ಸಿನಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇನ್ನೊಂದು ವಿಷಯ: ಮಕ್ಕಳನ್ನು ಸಾಲಲ್ಲಿ ನಿಲ್ಲಿಸಬಾರದು. ಇಪ್ಪತ್ತು ಮಕ್ಕಳು, ಒಂದು ಗೋಲು, ಒಬ್ಬೊಬ್ಬರಾಗಿ ಶಾಟ್. ನೋಡೋಕೆ ಶಿಸ್ತಾಗಿ ಕಾಣುತ್ತದೆ, ಅಪ್ಪ-ಅಮ್ಮನಿಗೂ ಖುಷಿ. ಆದರೆ ಒಂದು ಗಂಟೆಯಲ್ಲಿ ಮಗುವಿನ ಕಾಲಿಗೆ ಬಾಲ್ ತಾಗುವುದು ಕೆಲವೇ ಸಲ. ನಾನು ಪ್ರತಿ ಮಗುವಿಗೂ ಒಂದು ಬಾಲ್ ಕೊಡುತ್ತೇನೆ, ಆಮೇಲೆ ನಾಲ್ಕು-ನಾಲ್ಕು ಜನರ ಸಣ್ಣ ಮ್ಯಾಚ್. ತೀರಾ ಚಿಕ್ಕವರಿಗೆ ಮೂರನೇ ಸೈಜ್ ಬಾಲ್, ಸ್ವಲ್ಪ ದೊಡ್ಡವರಿಗೆ ನಾಲ್ಕು. ದೊಡ್ಡವರು ಆಡುವ ಐದನೇ ಸೈಜ್ ಬಾಲ್ ತಂದುಕೊಟ್ಟು "ನಮ್ಮ ಹುಡುಗನಿಗೆ ಇದರಲ್ಲೇ ಪ್ರಾಕ್ಟೀಸ್ ಆಗಲಿ ಸಾರ್" ಅನ್ನುವ ಅಪ್ಪಂದಿರು ಇದ್ದೇ ಇರುತ್ತಾರೆ. ಅವರಿಗೆ ಸುಮ್ನೆ "ಆಗಲಿ ಬಿಡಿ" ಅಂತ ಹೇಳಿ ಬಾಲನ್ನು ಬ್ಯಾಗಲ್ಲಿ ಇಡುತ್ತೇನೆ.

ಈಗ ನಾನೇ ಬ್ಯಾಚ್ ನಡೆಸುವುದರಿಂದ ದುಡ್ಡಿನ ಲೆಕ್ಕ ಬೇರೆಯದೇ. ಏಪ್ರಿಲ್-ಮೇ ಸಮ್ಮರ್ ಕ್ಯಾಂಪ್ ನಮ್ಮ ಸುಗ್ಗಿ. ಮಾರ್ಚಿನಲ್ಲಿ ಪರೀಕ್ಷೆ, ಅರ್ಧ ಬ್ಯಾಚ್ ಖಾಲಿ. ಮಳೆ ಬಂದ ದಿನ ಕ್ಲಾಸ್ ಇಲ್ಲ, ಟರ್ಫ್ (ಕೃತಕ ಹುಲ್ಲಿನ ಮೈದಾನ) ಬಾಡಿಗೆ ಮಾತ್ರ ಕಟ್ಟಲೇಬೇಕು. ಅದಕ್ಕೇ ಫೀಸನ್ನು ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ತಗೊಳ್ಳೋಕೆ ಶುರು ಮಾಡಿದೆ. ಆಡುವಾಗ ಊಟ, ನಿದ್ದೆ, ಬಸ್ಸಿನ ಟೈಮು ಎಲ್ಲ ಮ್ಯಾನೇಜರ್ ನೋಡಿಕೊಳ್ಳುತ್ತಿದ್ದರು. ಈಗ ಮೈದಾನದಲ್ಲಿ ಗುರುತಿಗೆ ಇಡುವ ಕೋನ್ ಎಣಿಸುವುದರಿಂದ ಹಿಡಿದು ವಾಟ್ಸ್ಆಪ್ ಗ್ರೂಪಿನವರೆಗೆ ಎಲ್ಲವೂ ನನ್ನದೇ. ನಿಜ ಹೇಳಬೇಕೆಂದರೆ ಮೈದಾನಕ್ಕಿಂತ ಆ ಗ್ರೂಪೇ ಜಾಸ್ತಿ ಸುಸ್ತು ಮಾಡುತ್ತದೆ.

ನನ್ನ ಜೊತೆ ಆಡಿದವರಲ್ಲಿ ಒಬ್ಬ ರೆಫರಿ ಆಗಿದ್ದಾನೆ. ಅಲ್ಲೂ ಫಿಟ್‌ನೆಸ್ ಟೆಸ್ಟ್ ಪಾಸಾಗಲೇಬೇಕು, ನನ್ನ ಮೊಣಕಾಲಿಗೆ ಅದು ಆಗದು. ಇನ್ನೊಬ್ಬ ಊರಿಗೆ ಹೋಗಿ ಅಂಗಡಿ ಇಟ್ಟ, ಬಾಲ್ ಮುಟ್ಟೋದಿಲ್ಲ. ಇನ್ನೂ ಆಡುತ್ತಿರುವ ಹುಡುಗರು ಕೇಳಿದರೆ ನಾನು ಹೇಳುವುದು ಇಷ್ಟೇ: ಕ್ಲಬ್ಬಿನಲ್ಲಿ ಇರುವಾಗಲೇ ಆಫ್ ಸೀಸನ್‌ನಲ್ಲಿ ಡಿ ಲೈಸೆನ್ಸ್ ಮುಗಿಸಿ, ಡಿಗ್ರಿಗೆ ದೂರಶಿಕ್ಷಣದಲ್ಲಾದರೂ ಹೆಸರು ಕೊಡಿ. ಕಾಂಟ್ರಾಕ್ಟ್ ಇರುವಾಗ ಫೀಸ್ ಕಟ್ಟೋದು ಸುಲಭ.